ಬೊಸಿಬೋರಿಯ ಹೊಟ್ಟೆನೋವು ಮತ್ತು ಸೊಪ್ಪಿನ ಚೀಲ

ಬೊಸಿಬೋರಿ,

ಮುಸುಕಿನೊಳಗೆ ನರಳೋದು ಸಾಕು, ನಿನ್ನ ಹೊಟ್ಟೆನೋವು ಎಂಥದ್ದೆಂದು ನನಗೆ ಗೊತ್ತು. ಪಾತ್ರೆಯಲ್ಲಿ ಉಗಾಲಿ ಮುದ್ದೆ ಇದೆ, ತಿನ್ನು. ಕೋಳಿಗಳನ್ನು ಹೊರಗೆ ಬಿಡು. ಸೊಪ್ಪಿನ ಚೀಲಕ್ಕೆ ನೀರು ಹಾಕು, ನೀರಿಳಿಯಲೆಂದು ನಡುವೆ ಪೇರಿಸಿದ ಕಲ್ಲುಗಳ ಮೇಲೆ. ಎಲೆಗಳಿಗೆ ಸ್ನಾನ ಮಾಡಿಸಬೇಡ.

ಏಳನೇ ಕ್ಲಾಸಿನ ಕೃಷಿ ಪಾಠಕ್ಕೆ ಗೋಣಿಚೀಲದಲ್ಲಿ ಸುಕುಮಾ ಸೊಪ್ಪು ಬೆಳೆಸಬೇಕಾದವಳು ನೀನು. ಮಣ್ಣು ಹೊತ್ತವಳು, ಗೊಬ್ಬರ ಕಲಸಿದವಳು ನಾನು. ಫೋಟೋಗೆಂದು ಚೀಲದ ಪಕ್ಕ ನಿಂತು ಹಲ್ಲು ಕಿರಿಯೋದಷ್ಟೇ ನಿನ್ನ ಕೆಲಸ. ಆ ಫೋಟೋ ಬಿಟ್ಟು ನಿಮ್ಮಪ್ಪ ಮೇಡಂಗೆ ಬೇರೆ ಫೋಟೋ ಕಳಿಸಿದರೆ ಅದು ನನ್ನ ತಪ್ಪಾ? ಅದರಲ್ಲಿ ನಾನು ಲಂಗ ಎತ್ತಿ ಕಟ್ಟಿ ಸಗಣಿ ತುಳೀತಿದ್ದೀನಿ. ಹಿಂದೆ ಬೆಣ್ಣೆಹಣ್ಣಿನ ಮರದಡಿ ನೀನು ಬಾಯಿ ತೆರೆದು ಮಲಗಿದ್ದೀಯ.

ನಿನ್ನೆ ಸಂಜೆ ಕೆರುಬೊ ಮೇಡಂ ಫೋನ್ ಮಾಡಿದಾಗ ಬೈತಾರೆ ಅಂತಲೇ ನಾನೂ ಅಂದುಕೊಂಡೆ. ಅವರು ಅಂದದ್ದು ಇಷ್ಟೇ: "ಬೊಸಿಬೋರಿ ಅಮ್ಮಾ, ನಾಳೆ ಬಂದು ಮಕ್ಕಳಿಗೆ ಚೀಲ ತುಂಬೋದು ಹೇಳ್ಕೊಡಿ. ನಾನು ತುಂಬಿದ್ರೆ ನೀರು ಕೆಳಗೆ ಇಳಿಯೋದೇ ಇಲ್ಲ."

ಅದಕ್ಕೇ ಹೊರಟೆ. ನಿನ್ನ ಶಾಲೆಯ ಸ್ವೆಟರ್ ಹಾಕಿಕೊಂಡಿದ್ದೀನಿ, ನನ್ನದು ತೂತು ಬಿದ್ದಿದೆ. ಕನ್ನಡಿ ಮುಂದೆ ಸ್ವಲ್ಪ ಹೆಚ್ಚೇ ಹೊತ್ತು ನಿಂತೆ, ನಗಬೇಡ. ನನ್ನಪ್ಪ ನನ್ನನ್ನು ಶಾಲೆ ಬಿಡಿಸಿದ್ದೂ ಏಳನೇ ಕ್ಲಾಸಿನ ನಡುವೆಯೇ.

ಹತ್ತು ಗಂಟೆಗೆ ಪಾಠ. ಅಷ್ಟರಲ್ಲಿ ಹೊಟ್ಟೆ ಸರಿಹೋದರೆ ಓಡಿ ಬಾ. ಬರದಿದ್ದರೆ, ಹಾಜರಿ ಕೂಗುವಾಗ ನಿನ್ನ ಹೆಸರು ಬಂದ ಕೂಡಲೇ ನಾನೇ ಎದ್ದು ನಿಂತು "ಬಂದಿದ್ದೀನಿ ಮೇಡಂ" ಅಂತೀನಿ.

ಅಮ್ಮ