ಅಪ್ಪನ ಟೈಲ್ಸ್ ಮೇಲೆ ಕಾರ್ಕ್ ನೆಲ

ಅಪ್ಪನಿಗೆ ನಮಸ್ಕಾರ.

"ಟೈಲ್ಸ್ ಮುಟ್ಟಿದರೆ ಮನೆಗೇ ಬರಲ್ಲ" ಎಂದು ಸೊಂಟ ವಾಸಿಯಾಗಲೆಂದು ಉಳಿದಿರುವ ನಿಮ್ಮ ತಂಗಿ, ನನ್ನ ಅತ್ತೆಯ ಮನೆಯಿಂದ ಹೇಳಿ ಕಳಿಸಿದ್ದೀರಿ. ಒಂದನ್ನೂ ಕಿತ್ತಿಲ್ಲ. ನೀವು ಜಾರಿಬಿದ್ದು ಸೊಂಟ ಮುರಿದುಕೊಂಡ ಹಾಲ್‌ನಲ್ಲಿ, ನೀವೇ ಕೂರಿಸಿದ ಟೈಲ್ಸ್ ಮೇಲೆ ಕಾಲು ಜಾರದ, ಮೆತ್ತನೆಯ ಕಾರ್ಕ್ ಹಲಗೆ ಹಾಸಿಸುತ್ತಿದ್ದೇನೆ. ಅವು ಒಂದಕ್ಕೊಂದು ಕಚ್ಚಿಕೊಂಡು ಸುಮ್ಮನೆ ಕೂರುತ್ತವೆ. ಅಂಟೂ ಬೇಡ, ಮೊಳೆಯೂ ಬೇಡ. ಮನೆಯ ಹವೆಗೆ ಒಗ್ಗಲಿ ಎಂದು ಮೂರು ದಿನದಿಂದ ಅಲ್ಲೇ ಇಟ್ಟಿದ್ದೇನೆ.

ಇವತ್ತು ಬಡಗಿ ಬಂದು, ಬಾಗಿಲು ಹಲಗೆಗೆ ತಾಗದಂತೆ ಅದರ ಅಡಿ ಕೊಯ್ದು, ನೆಲ ಸಮವಿದೆಯೇ ಎಂದು ರಸಮಟ್ಟ ಇಟ್ಟು ನೋಡಿದರು. "ಯಾರಮ್ಮ ಹಾಕಿದ್ದು? ಕೂದಲೆಳೆಯಷ್ಟೂ ತಗ್ಗಿಲ್ಲ!" ಎಂದರು. "ನಮ್ಮಪ್ಪ" ಎಂದೆ.

ಭಾನುವಾರ ಕರೆದುಕೊಂಡು ಹೋಗಲು ಬರುತ್ತೇನೆ, ಸಿದ್ಧರಾಗಿರಿ. ಬರಿಗಾಲಲ್ಲಿ ಒಂದು ಸುತ್ತು ನಡೆದು ನೋಡಿ. ಹಿಡಿಸದಿದ್ದರೆ ಅರ್ಧ ದಿನದಲ್ಲಿ ಎತ್ತಿಸುತ್ತೇನೆ. ಹಿಡಿಸುತ್ತದೆ ಬಿಡಿ.

ನಿಮ್ಮಷ್ಟೇ ಹಠದ
ಮಗಳು