ಒಂದೇ ಪ್ಯಾಕೆಟ್ ಯೀಸ್ಟ್

ಫೆಬ್ರವರಿ 2, ಸಂಜೆ

ಬಿಯರಿಗೆಂದು ಕುದಿಸಿದ ಮಾಲ್ಟಿನ ನೀರು ತಣ್ಣಗಾಗುವಷ್ಟರಲ್ಲಿ ಕತ್ತಲೆ. ಈ ಸಲ ಸ್ಟ್ರಾಂಗ್ ಬಿಯರ್, ಸಕ್ಕರೆ ಮಾಮೂಲಿಗಿಂತ ಬಹಳ ಹೆಚ್ಚು. ಪುಸ್ತಕದಲ್ಲಿ ಎರಡು ಪ್ಯಾಕೆಟ್ ಯೀಸ್ಟ್ ಅಂತಿದೆ. ಇದ್ದದ್ದು ಒಂದು. ಅದನ್ನೇ ಬಕೆಟ್ಟಿಗೆ ಉದುರಿಸಿದೆ. ಜೀವ ಇರುವ ವಸ್ತು, ತಾನೇ ಬೆಳೆದುಕೊಳ್ಳುತ್ತದೆ.

ಬಾಗಿಲಲ್ಲೇ ನಿಂತು ಪುಟ್ಟ ನೋಡುತ್ತಿದ್ದ. ಹೆಂಡತಿಯ ತಮ್ಮ. ಮೂವತ್ತೆಂಟು ವರ್ಷದ ಪುಟ್ಟ. ಬೇಕರಿಯಲ್ಲಿ ಕೆಲಸ. ಕುಡಿತ ಬಿಟ್ಟು ಹತ್ತಿರ ಹತ್ತಿರ ಒಂದು ವರ್ಷ. ನಮ್ಮಲ್ಲಿಗೆ ಬಂದೂ ಅಷ್ಟೇ ಆಯಿತು.

"ಅಷ್ಟು ಸಿಹಿಗೆ ಅದು ಸಾಲಲ್ಲ ಭಾವ. ಸಿಹಿ ಬನ್ನಿಗೆ ನಾವು ಜಾಸ್ತಿನೇ ಹಾಕೋದು."

"ಇದು ಬನ್ನಲ್ಲ. ಯಾರೂ ಇದನ್ನ ಮುಟ್ಟಬಾರದು."

ಯಾರೂ ಅಂದೆ. ಮನೆಯಲ್ಲಿರುವುದು ಮೂವರು. ಹೆಂಡತಿ ಬಕೆಟ್ಟಿನ ಹತ್ತಿರ ಸುಳಿಯುವುದಿಲ್ಲ.

ಫೆಬ್ರವರಿ 3

ತಿಂಡಿ ಹೊತ್ತಿಗೆ ಹೆಂಡತಿ ಶುರು ಮಾಡಿದಳು. "ಬೆಕ್ಕಿನ ಮುಂದೆ ಹಾಲಿಡ್ತಿದೀರಿ. ಒಂದೇ ಗುಟುಕು ಕುಡಿದ್ರೂ ಇವನು ಈ ಮನೇಲಿರಲ್ಲ. ನಾನೇ ಕಳಿಸ್ತೀನಿ."

"ಬೆಕ್ಕಿಗೆ ಈಗ ಹಾಲು ಸೇರಲ್ಲ ಅಕ್ಕ," ಅಂದು ಪುಟ್ಟ ನಕ್ಕ.

ಆ ನಗು ಸ್ವಲ್ಪ ಬೇಗ ಬಂತೇನೋ.

ಫೆಬ್ರವರಿ 11

ಗುಳ್ಳೆ ನಿಂತಿದೆ. ಮುಚ್ಚಳದ ಕೊಳವೆಯಲ್ಲಿ ನೀರು ಅಲುಗುತ್ತಿಲ್ಲ. ಸಕ್ಕರೆ ಅಳೆಯುವ ಹೈಡ್ರೋಮೀಟರ್ ಇಳಿಬಿಟ್ಟೆ — ಸಕ್ಕರೆ ಅರ್ಧಕ್ಕೇ ಇಳಿದು ನಿಂತಿದೆ, ವಾರಾಂತ್ಯದಿಂದ ಕದಲಿಲ್ಲ. ರುಚಿ ಕೆಮ್ಮಿನ ಔಷಧಿ. ಚಳಿಯಿಂದ ಇರಬೇಕು. ಬಕೆಟ್ಟಿಗೆ ಕಂಬಳಿ ಸುತ್ತಿ ಹಗ್ಗ ಕಟ್ಟಿದೆ.

ಫೆಬ್ರವರಿ 14, ಬೆಳಿಗ್ಗೆ

ಹಗ್ಗದ ಗಂಟು ನನ್ನದಲ್ಲ.

ನೆಲದ ಮೇಲೆ ಅಂಟಂಟು ಹನಿ. ಪಕ್ಕದಲ್ಲಿ ಸ್ಟೀಲ್ ಲೋಟ, ತೊಳೆದದ್ದು. ತೊಳೆದ ಲೋಟಕ್ಕೆ ಇಲ್ಲೇನು ಕೆಲಸ?

ಬಿಯರಿನ ಮಟ್ಟಕ್ಕೆ ಪೆನ್ಸಿಲ್ ಗೀಟು ಹಾಕಿಟ್ಟಿದ್ದೆ. ಈಗ ಬಿಯರ್ ಗೀಟಿಗಿಂತ ಮೇಲಿದೆ. ಮೇಲೆ! ಕುಡಿದವನು ನೀರು ಸುರಿದಿದ್ದಾನೆ, ಅಳತೆ ತಪ್ಪಿದೆ.

ಯಾರನ್ನೂ ಕೇಳಲಿಲ್ಲ. ಈಗ ಓದುತ್ತಿರುವ ಅನುವಾದಿತ ಕಾದಂಬರಿಯಲ್ಲಿ ಪತ್ತೇದಾರ, ಯಾರಾದರೂ ತೆರೆದರೆ ಗೊತ್ತಾಗಲೆಂದು, ಬಾಗಿಲಿಗೆ ಕೂದಲು ಅಂಟಿಸುತ್ತಾನೆ. ಮುಚ್ಚಳಕ್ಕೆ ಒಂದು ಅಂಟಿಸಿದೆ. ನನ್ನದೇ — ಖರ್ಚು ಮಾಡುವಷ್ಟು ಉಳಿದಿಲ್ಲ, ಆದರೂ.

ಫೆಬ್ರವರಿ 17

ಕೂದಲು ಹಾಗೇ ಇದೆ. ಹುಷಾರಾಗಿದ್ದಾನೆ.

ಗುಳ್ಳೆ ಮತ್ತೆ ಬರುತ್ತಿದೆ. ಕಂಬಳಿಯ ಫಲ. ಹೈಡ್ರೋಮೀಟರ್ ಚೆನ್ನಾಗಿ ಇಳಿದಿದೆ. ನೀರು ಬೆರೆತರೂ ಹೀಗೇ ಇಳಿಯುತ್ತದಲ್ಲ. ರುಚಿ ನೋಡಲು ಮನಸ್ಸಾಗಲಿಲ್ಲ. ಅವನ ಎಂಜಲು.

ಫೆಬ್ರವರಿ 18

ಹೆಂಡತಿಗೆ ಹೇಳಿದೆ. ಗಂಟು, ಲೋಟ, ಗೀಟು. ಪುಟ್ಟ ಕೆಲಸದಿಂದ ಬಂದ ಕೂಡಲೇ ಅವಳೇ ಕೇಳಿದಳು —

"ಬಕೆಟ್ ತೆರೆದ್ಯಾ?"

"ತೆರೆದೆ."

"ಕುಡಿದ್ಯಾ?"

"ಇಲ್ಲ."

"ಮತ್ತೆ ಪೂಜೆ ಮಾಡಕ್ಕೆ ತೆರೆದ್ಯಾ?"

ಪುಟ್ಟ ನನ್ನ ಕಡೆ ನೋಡಿದ. "ನಾನೇನ್ ಹೇಳಿದ್ರೂ ಕುಡುಕನ ಮಾತೇ ಅಲ್ವಾ ಅಕ್ಕ. ಭಾವನೇ ಒಂದು ಸಲ ರುಚಿ ನೋಡ್ಲಿ."

ಧೈರ್ಯ ನೋಡು, ಅಂದುಕೊಂಡೆ.

ಅವನ ಬಟ್ಟೆ ಎಲ್ಲ ಒಂದೇ ಚೀಲಕ್ಕೆ ಹಿಡಿಸಿತು. ಅವನು ಹೊರಟ ಮೇಲೆ ಬಾಗಿಲು ಹಾಕಿದವನು ನಾನು.

ಫೆಬ್ರವರಿ 21, ಮಧ್ಯಾಹ್ನ

ಚೆಲ್ಲೋಣವೆಂದು ಮುಚ್ಚಳ ತೆಗೆದೆ. ಚೆಲ್ಲುವ ಮುಂಚೆ ಒಂದು ಗುಟುಕು.

ನೀರಲ್ಲ. ಸಿಹಿಯೂ ಇಲ್ಲ. ಗಂಟಲಲ್ಲಿ ಬೆಂಕಿಯಂತೆ ಇಳಿಯಿತು. ನೀರು ಬೆರೆತ ಬಿಯರ್ ಹೀಗೆ ಸುಡುವುದಿಲ್ಲ. ಕೊನೆಗೆ, ತೀರ ಕೊನೆಗೆ — ಹೊಸ ಬ್ರೆಡ್ಡಿನ ವಾಸನೆ.

ಫ್ರಿಜ್ಜಿನಲ್ಲಿ ಹುಡುಕಿದೆ. ಬೆಣ್ಣೆಯ ಹಿಂದೆ ಮಡಿಸಿದ ಕಾಗದ. ಒಳಗೆ ಬೇಕರಿ ಯೀಸ್ಟಿನ ಗಟ್ಟಿ, ಒಂದು ಮೂಲೆ ಮುರಿದದ್ದು.

ಲೋಟದಲ್ಲಿ ಕಲಸಿ ಸುರಿದಿದ್ದಾನೆ. ಆಮೇಲೆ ಲೋಟ ತೊಳೆದಿದ್ದಾನೆ.

ಬೇಕರಿಗೆ ಫೋನ್ ಮಾಡಿದೆ. "ಎರಡು ದಿನದಿಂದ ಬಂದಿಲ್ಲ ಸಾರ್," ಅಂದರು. ಹೆಂಡತಿಗೆ ಎರಡನ್ನೂ ಹೇಳಿದೆ, ಯೀಸ್ಟು ಮತ್ತು ಇದು. ಆಗಲೇ ಚಪ್ಪಲಿ ಮೆಟ್ಟಿ ಹುಡುಕಲು ಹೊರಟಳು. ನನ್ನನ್ನು ಕರೆಯಲಿಲ್ಲ.

ಸಂಜೆ

ಗೇಟಿನ ಸದ್ದು. ಹೆಂಡತಿಯ ದನಿ. ಹಿಂದೆ ಅವನ ಹೆಜ್ಜೆ, ನಿಧಾನ.

ತಪ್ಪಾಯಿತು ಅನ್ನಬೇಕು. ಮೊದಲು ಅದೇ ಅನ್ನಬೇಕು. ಅವನ ಉಸಿರು ಮೂಸಬಾರದು. ಈ ಮನೆಯಲ್ಲಿ ಈಗ ಬಿಯರ್ ನಾತ ಹೊಡೆಯುವ ಬಾಯಿ ನನ್ನದು. ಗೊತ್ತು. ಆದರೂ ಬಾಗಿಲು ತೆಗೆಯಲು ಏಳುವಾಗ ಮೂಗು ತಾನಾಗಿ ಗಾಳಿ ಮೂಸುತ್ತಿದೆ.