ದೇವರ ಎತ್ತುಗಳಿಗೊಂದು ಗೇಟು

ಹಟ್ಟಿ, ಮೊಳಕಾಲ್ಮೂರು ತಾಲ್ಲೂಕು
೨ ಏಪ್ರಿಲ್ ೨೦೨೫, ಬುಧವಾರ

ಅಪ್ಪಾ,

ಕಾಲಿನ ಕಟ್ಟು ಬಿಚ್ಚಿದರಾ? ರಾಯದುರ್ಗದಲ್ಲಿ ಅಕ್ಕ ಮುದ್ದೆ ಮಾಡಿ ಹಾಕುತ್ತಾಳೋ, ಬರೀ ಅನ್ನದಲ್ಲೇ ಸಾಗಹಾಕುತ್ತಿದ್ದಾಳೋ? ಫೋನು ಮಾಡಿದರೆ ನೀನು ಅರ್ಧಕ್ಕೇ "ಆಯ್ತವ್ವ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ.

ಸೋಲಾರ್ ಕಂಪನಿಯ ಬೇಲಿ ದನ ಮೇಯುವ ಕಾವಲಿನ ಹುಲ್ಲಿನ ಜೊತೆಗೆ ಈಗ ಗೋಕಟ್ಟೆಯನ್ನೂ ನುಂಗಿದೆ. ದನಕರು ಕುಡಿಯಲೆಂದು ಹಿರಿಯರು ತೋಡಿದ ಕಟ್ಟೆಯಿಂದ ದಿನಕ್ಕೆ ನಾಲ್ಕು ಟ್ಯಾಂಕರ್ ನೀರು ಹೋಗಿ ಅವರ ಗಾಜಿನ ಹಲಗೆಗಳ ಧೂಳು ತೊಳೆಯುತ್ತಿದೆ. ಬೇಲಿಗೆ "ಪರಿಸರ ಉಳಿಸಿ" ಎಂಬ ಬೋರ್ಡು! ಯರ್ರಮ್ಮತ್ತೆ ತಂತಿ ಹಿಡಿದು ಮ್ಯಾನೇಜರನನ್ನು ಕೇಳಿದಳು: "ಏನ್ ಸಾಮಿ, ದಿನಾ ಮೈ ತೊಳಿಯಾಕೆ ನಿನ್ ಗಾಜೇನು ಮದುವಣಗಿತ್ತಿನಾ? ನಮ್ ಕುರಿ ನಾಲ್ಗೆ ಒಣಗೈತೆ ಕಣಪ್ಪ."

ಕಳೆದ ಶನಿವಾರ ಆ ಮ್ಯಾನೇಜರ್ ಹೊಸ ಜಾಣತನ ತೋರಿಸಿದ. ಉಳುಮೆಗೆ ಹೂಡದೆ, ಮಾರದೆ ಹಟ್ಟಿಯೆಲ್ಲ ಸೇರಿ ಸಾಕಿದ ನಮ್ಮ ದೇವರ ಎತ್ತುಗಳಿಗೆ ಮಾತ್ರ ಒಂದು ಗೇಟು, ಅದಕ್ಕೆ ಮಾವಿನ ತೋರಣ. ಊರ ದನ, ಕುರಿ ಹೊರಗೆ. "ನಿಮ್ಮ ಹಿರಿಯರೇ ಒಪ್ಪಿದ್ದಾರೆ" ಎಂದು ಸಹಿಯಾದ ಕಾಗದ ಅಲ್ಲಾಡಿಸಿದ.

ಆಗ ನೋಡಬೇಕಿತ್ತು ನೀನು ಕಿಲಾರಿ ಪಾಲಣ್ಣನನ್ನು! ದೇವರ ಎತ್ತು ಕಾಯುವವನು ಚಪ್ಪಲಿ ಮೆಟ್ಟಬಾರದೆಂಬ ಕಟ್ಟಳೆಗೆ ನಲವತ್ತು ವರ್ಷ ಬರಿಗಾಲಲ್ಲೇ ಈ ಕಾವಲು ತುಳಿದವನು. ನೀರಿನ ವಾಸನೆಗೆ ಮುಂದಿನ ಎತ್ತು ನೆಲ ಕೆರೆಯುತ್ತಿತ್ತು. ಅವನು ಗೇಟಿಗೆ ಬೆನ್ನುಕೊಟ್ಟು ನಿಂತ. "ಹಟ್ಟಿಯೋರ ರಾಗೀಲಿ ಬದುಕಿರೋನು ನಾನು. ಅವರ ಕುರಿ ಬಾಯಾರಿ ನಿಂತಿರುವಾಗ ಇವಕ್ಕೆ ನೀರು ಕುಡಿಸಾಕಿಲ್ಲ. ಬಿಟ್ರೆ ಎಲ್ಲಾರ್ನೂ ಬಿಡು." ಅಷ್ಟೇ ಅಂದು, ಎತ್ತುಗಳನ್ನು ಟ್ಯಾಂಕರ್ ದಾರಿಗೆ ಅಡ್ಡ ಮಲಗಿಸಿದ. ಡ್ರೈವರ್ ಹಾರನ್ ಒತ್ತಲಿಲ್ಲ. ಇಳಿದು, ಚಪ್ಪಲಿ ಬಿಟ್ಟು ಕೈಮುಗಿದ. ಇವತ್ತಿಗೆ ಐದನೇ ದಿನ, ಟ್ಯಾಂಕರ್ ಅಲ್ಲೇ ನಿಂತಿದೆ. ಸಂಜೆಯಾದರೆ ಪಾಲಣ್ಣ ಎತ್ತುಗಳನ್ನು ಊರ ದನ, ಕುರಿಗಳ ಜೊತೆಗೇ ಮೂರು ಮೈಲಿ ನಡೆಸಿ ಕ್ಯಾತಣ್ಣನ ತೊಟ್ಟಿಯಲ್ಲಿ ನೀರು ಕುಡಿಸಿ ಬರುತ್ತಾನೆ. ಆಗ ದಾರಿ ಕಾಯುವವರು ನಾವು, ಹೆಂಗಸರು. ಅಪ್ಪಾ, ನಾನು ಚಳ್ಳಕೆರೆಯ ಮೆರವಣಿಗೆಯಲ್ಲಿ ಗಂಟಲು ಹರಿಯುವಂತೆ ಕೂಗಿದ ಘೋಷಣೆಗಳೆಲ್ಲ ಆ ಮನುಷ್ಯನ ಎದುರು ತೆಳ್ಳಗೆ ಕಂಡವು.

ಸೋಮವಾರ ತಹಶೀಲ್ದಾರರು ಬರುತ್ತಾರೆ. ಕಟ್ಟೆ ಎಲ್ಲರದೋ, ಕಂಪನಿಯದೋ ಅವತ್ತೇ ತೀರ್ಮಾನ. ಅಕ್ಕನಿಗೆ, ಮಕ್ಕಳಿಗೆ ನನ್ನ ನೆನಪು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ಮಗಳು,
ಸರಿತಾ

ಹುಲಿಯಪ್ಪನ ಬಸ್ಸು ಬಂತು, ಇದನ್ನು ಅವನ ಕೈಗೇ ಕೊಡುತ್ತಿದ್ದೇನೆ. ಅಪ್ಪಾ, ಮ್ಯಾನೇಜರ್ ಅಲ್ಲಾಡಿಸಿದ ಆ ಕಾಗದ ನೋಡಿದೆ. ಸಹಿ ನಿನ್ನದು. ಎತ್ತುಗಳಾದರೂ ಬದುಕಲಿ ಎಂದು ಹಾಕಿರುತ್ತೀಯ, ಗೊತ್ತು. ಪಾಲಣ್ಣನಿಗೆ ಓದು ಬಾರದು, ನಾನಿನ್ನೂ ಹೇಳಿಲ್ಲ. ಭಾನುವಾರದೊಳಗೆ ಬಂದು ನೀನೇ ಅವನಿಗೆ ಹೇಳು, ಒಪ್ಪಿಗೆ ವಾಪಸು ಪಡೆದೆ ಎಂದು ಬರೆದುಕೊಡು. ಸೋಮವಾರ ತಹಶೀಲ್ದಾರರ, ಜನರ ಎದುರು ಆ ಕಾಗದ ಓದುವವಳು ನಾನು. ನಿನ್ನ ಹೆಸರು ಬಂದ ಕಡೆ ದನಿ ತಗ್ಗಿಸುವುದಿಲ್ಲ.